ನೀರು ತಡವಾದ ಬೆಳಗುಗಳು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಐದು ನಿಮಿಷ’ ಎಂದೇ. ಹಾಜರಿ ಪುಸ್ತಕದಲ್ಲಿ ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಅದರಿಂದ ಅವನನ್ನು ಕರೆದವರನ್ನು ನಾನು ಕಂಡಿಲ್ಲ. ನೀರು ಯಾಕೆ ಬಂದಿಲ್ಲ ಎಂದು ಫೋನು ಮಾಡಿ ಕೇಳಿದರೆ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ಐದು ನಿಮಿಷ ಅಕ್ಕಾ, ಬಂದೇ ಬಿಡ್ತು.” ಆ ಐದು ನಿಮಿಷ ಕೆಲವು ಸಲ ಎರಡು ನಿಮಿಷವಾಗುತ್ತಿತ್ತು, ಕೆಲವು ಸಲ ಇಪ್ಪತ್ತೈದು.

ನನಗೂ ಒಂದು ಅಡ್ಡಹೆಸರಿತ್ತು, ಚಿತ್ರಗುಪ್ತಿ. ದೂರು ಬರೆದುಕೊಳ್ಳುವ ಗುಮಾಸ್ತೆ ನಾನು. ಬೆಳಗ್ಗೆ ಐದಕ್ಕೆ ಬಂದು ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನ ಒಂದರವರೆಗೆ ಫೋನು, ಪೆನ್ನು, ದೂರಿನ ಪುಸ್ತಕ. ಯಾವ ಬೀದಿ, ಯಾವ ವಾಲ್ವು, ಎಷ್ಟು ಗಂಟೆಗೆ ದೂರು ಬಂತು, ಎಷ್ಟು ಗಂಟೆಗೆ ನೀರು ಬಂತು, ಎಲ್ಲಕ್ಕೂ ಒಂದೊಂದು ಕಾಲಮ್ಮು. ಕಂಪ್ಯೂಟರ್ ಬಂದು ಆರು ವರ್ಷವಾಗಿದ್ದರೂ ಅದು ನಮ್ಮಲ್ಲಿ ಧೂಳು ಹಿಡಿಯುವ ಕೆಲಸವನ್ನೇ ಹೆಚ್ಚು ನಿಯತ್ತಾಗಿ ಮಾಡುತ್ತಿತ್ತು. ಹತ್ತೊಂಬತ್ತು ವರ್ಷ ಬರೆದೆ. ಒಂದು ಗೀಟು ಡೊಂಕಾಗಿಲ್ಲ, ಒಂದು ಸಾಲು ಖಾಲಿ ಬಿಟ್ಟಿಲ್ಲ. ಆ ಪುಸ್ತಕಗಳನ್ನು ಯಾರಾದರೂ ತೆರೆದು ನೋಡಿದ್ದರೆ ಕೇಳಿ. ವರ್ಷದ ಕೊನೆಗೆ ಕಬ್ಬಿಣದ ಕಪಾಟಿಗೆ ಹೋಗುತ್ತಿದ್ದವು, ಅಲ್ಲಿಂದ ಇಲಿಯ ಹೊಟ್ಟೆಗೆ.

ಅವನ ಕೆಲಸ ನೀರು ಬಿಡುವುದು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಅಪ್ಪ ಸೇವೆಯಲ್ಲಿರುವಾಗಲೇ ಸತ್ತದ್ದಕ್ಕೆ ಮಗನಿಗೆ ಆ ಕೆಲಸ ಸಿಕ್ಕಿತು, ಜೊತೆಗೆ ಅಪ್ಪನ ಸೈಕಲ್ಲು ಮತ್ತು ಅಪ್ಪನ ಕೀಲಿ. ಕೀಲಿ ಎಂದರೆ ಸೊಂಟದೆತ್ತರದ ಕಬ್ಬಿಣದ ಸಲಾಕೆ, ಮೇಲೆ ಅಡ್ಡ ಹಿಡಿ. ಬೀದಿಯ ಗುಂಡಿಯ ಮುಚ್ಚಳ ಎತ್ತಿ, ಅದನ್ನು ಇಳಿಸಿ, ಹದಿನೆಂಟು ಸುತ್ತು ತಿರುಗಿಸಿದರೆ ಆ ಬೀದಿಗೆ ನೀರು. ನಲವತ್ತು ನಿಮಿಷ ಬಿಟ್ಟು ಮತ್ತೆ ಹದಿನೆಂಟು ಸುತ್ತು ಹಿಂದಕ್ಕೆ. ಅವನ ಪಾಲಿಗೆ ಹಳೇ ಅಂಚೆ ಕಚೇರಿಯಿಂದ ರೈಲು ಗೇಟಿನವರೆಗೆ ಒಂಬತ್ತು ವಾಲ್ವುಗಳಿದ್ದವು. ಮೊದಲನೆಯದು ಬೆಳಗ್ಗೆ ನಾಲ್ಕೂವರೆಗೆ.

ತಿರುಗಿಸಿದ ಮೇಲೆ ಅವನು ಸಲಾಕೆಯ ತುದಿಗೆ ಬಲಗಿವಿ ಇಟ್ಟು ನಿಲ್ಲುತ್ತಿದ್ದ. ನೀರು ಎಲ್ಲಿಯವರೆಗೆ ಹೋಯಿತು, ಎಲ್ಲಿ ಸೋರುತ್ತಿದೆ, ಯಾವ ಮನೆಯವರು ಕದ್ದು ಪಂಪು ಹಾಕಿದ್ದಾರೆ, ಎಲ್ಲವೂ ಅವನ ಆ ಕಿವಿಗೆ ಗೊತ್ತಾಗುತ್ತಿತ್ತು. ಇಂಜಿನಿಯರರು ಯಂತ್ರ ತಂದು ಮೂರು ದಿನ ಹುಡುಕಿದ ಸೋರಿಕೆಯನ್ನು ಇವನು ಒಂದು ಸಲ ಕಿವಿಯಿಟ್ಟು, “ಅದೋ ಆ ಗೇಟಿನ ಕೆಳಗೆ” ಎಂದು ತೋರಿಸಿದ್ದುಂಟು. ಅದಕ್ಕೆ ಬಹುಮಾನ ಇಂಜಿನಿಯರರಿಗೆ ಬಂತು.

ನೀರು ಬಿಡುವವನ ಹಣೆಬರಹವೇ ಅಷ್ಟು. ನೀರು ಬಂದರೆ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ. ಬರದಿದ್ದರೆ ಮಾತ್ರ ಅವನ ನೆನಪು, ಅದೂ ಬೈಯ್ಯುವುದಕ್ಕೆ.

ಬಸ್ ಡಿಪೋದ ಮುಷ್ಕರ ನಡೆದ ವರ್ಷದಿಂದ ಊರು ಕೆಟ್ಟಿತು. ಮುಷ್ಕರದವರನ್ನು ಪೊಲೀಸರು ಬಡಿದದ್ದನ್ನು ಯಾರೋ ವಿಡಿಯೋ ಮಾಡಿ ಹಾಕಿದರು, ಸಾವಿರ ಜನ ಅದನ್ನು ಮುಂದೆ ಕಳಿಸಿದರು. ಕಳಿಸಿದವರ ನಂಬರು ಹಿಡಿದು ಪೊಲೀಸರು ಮನೆ ಮನೆಗೆ ಬಂದರು. ಒಬ್ಬನ ಫೋನಿನಲ್ಲಿ ನೂರು ಹೆಸರು ಸಿಗುತ್ತಿತ್ತು, ಆ ನೂರು ಹೆಸರಿನಿಂದ ಮತ್ತೆ ನೂರು. ಬರುತ್ತಿದ್ದದ್ದು ಬೆಳಗಿನ ಜಾವ, ನಂಬರಿಲ್ಲದ ಬಿಳಿ ವ್ಯಾನಿನಲ್ಲಿ. ಮನೆಯವರು ಠಾಣೆಗೆ ಓಡಿದರೆ, “ನಾವು ಯಾರನ್ನೂ ಕರ್ಕೊಂಡು ಬಂದಿಲ್ಲ, ನಿಮ್ಮ ಹುಡುಗ ಎಲ್ಲಿ ಓಡಿಹೋದನೋ ನೋಡ್ಕೊಳ್ಳಿ” ಎಂಬ ಉತ್ತರ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವುದು ಯಾರಿಗೆ? ಮೊದಲ ಒಂದೆರಡು ಗಂಟೆಯೊಳಗೆ ಸರಿಯಾದ ಠಾಣೆಗೆ ವಕೀಲರೊಂದಿಗೆ ಹೋಗಿ ನಿಂತರೆ ಮಾತ್ರ ಹುಡುಗನ ಹೆಸರು ಠಾಣೆಯ ಪುಸ್ತಕಕ್ಕೆ ಏರುತ್ತಿತ್ತು. ಹೆಸರು ಏರಿದರೆ ಜೀವ ಉಳಿಯುತ್ತದೆ ಎಂದು ಊರಿಗೆಲ್ಲ ಗೊತ್ತಾಗಿತ್ತು. ಊರಲ್ಲಿ ಐದು ಠಾಣೆ, ಯಾವುದಕ್ಕೆ ಎಂದು ಓಡುವುದು?

ಆಗ ಶುರುವಾದದ್ದು ‘ಬೆಳಗಿನ ಜಾವ’. ಫೋನಿನಲ್ಲಿ ನೋಡುವ ಒಂದು ಚಾನೆಲ್ಲು. ಯಾರು ನಡೆಸುತ್ತಾರೆ ಎಂದಿಲ್ಲ, ನಂಬರಿಲ್ಲ, ಚಿತ್ರವಿಲ್ಲ. ಬರೆಯುತ್ತಿದ್ದದ್ದೂ ಎರಡೇ ಸಾಲು. “ಅಂಚೆ ಕಚೇರಿ ಹಿಂದಿನ ಬೀದಿ. 4.50. ಬಿಳಿ ವ್ಯಾನ್. ಒಬ್ಬ. ಸೇತುವೆ ಕಡೆ.” ಮನೆಯ ನಂಬರು ಬರೆಯುತ್ತಿರಲಿಲ್ಲ, ಹುಡುಗನ ಹೆಸರು ಬರೆಯುತ್ತಿರಲಿಲ್ಲ, ಪೊಲೀಸರನ್ನು ಬೈಯ್ಯುತ್ತಲೂ ಇರಲಿಲ್ಲ. ಯಾವ ಕಡೆ ಹೋಯಿತು ಎಂದು ಗೊತ್ತಾದರೆ ಯಾವ ಠಾಣೆ ಎಂದು ಜನ ತಾವೇ ತಿಳಿದುಕೊಳ್ಳುತ್ತಿದ್ದರು.

ನನ್ನ ಅಕ್ಕನ ಮಗನನ್ನು ಎತ್ತಿಕೊಂಡು ಹೋದದ್ದೂ ಹಾಗೇ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಆ ವಿಡಿಯೋ ಕಳಿಸಿದ್ದೇ ಅವನ ಅಪರಾಧ. ನಾನು ಕಚೇರಿಯಲ್ಲಿದ್ದೆ. ಐದೂಕಾಲಿಗೆ ಅಕ್ಕ ಫೋನಿನಲ್ಲಿ ಬಾಯಿ ಬಡಿದುಕೊಂಡು ಅತ್ತಳು. ಅವಳು ಇಟ್ಟ ಮರುಕ್ಷಣ ಅದೇ ಬೀದಿಯಿಂದ ಇನ್ನೊಂದು ಫೋನು: ನಲ್ಲಿಯಲ್ಲಿ ಇನ್ನೂ ನೀರು ಬಂದಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ದೂರನ್ನು ಪುಸ್ತಕದಲ್ಲಿ ಬರೆದೇ ನಾನು ಎದ್ದದ್ದು. ಒಂದಕ್ಷರವೂ ಡೊಂಕಾಗಲಿಲ್ಲ. ಆಮೇಲೆ ಫೋನು ತೆಗೆದು ನೋಡಿದರೆ ‘ಬೆಳಗಿನ ಜಾವ’ದಲ್ಲಿ ನಮ್ಮಕ್ಕನ ಬೀದಿ, 4.55, ರೈಲು ಗೇಟಿನ ಕಡೆ. ವಕೀಲರನ್ನು ಎಬ್ಬಿಸಿಕೊಂಡು ಗೇಟಿನಾಚೆಯ ಹಳೇ ಠಾಣೆಗೆ ಹೋದೆವು. ಅಲ್ಲಿಯ ಪೇದೆ ಯಾರೂ ಇಲ್ಲವೆಂದೇ ವಾದಿಸಿದ. ಒಳಗೆ ಬೆಂಚಿನ ಕೆಳಗೆ ನಮ್ಮ ಹುಡುಗನ ನೀಲಿ ಚಪ್ಪಲಿ ಕಾಣುತ್ತಿತ್ತು, ಒಂದೇ ಒಂದು. ವಕೀಲರು ಅದನ್ನು ತೋರಿಸಿ ಕೂಗಾಡಿದ ಮೇಲೆ ಹೆಸರು ಪುಸ್ತಕಕ್ಕೆ ಏರಿತು. ಮೂರನೇ ದಿನ ಮಗ ಮನೆಗೆ ಬಂದ.

“ಆ ಬರೆದ ಪುಣ್ಯಾತ್ಮ ಯಾರೇ ಆಗಿರ್ಲಿ, ಅವನ ಕಾಲು ತೊಳೆದು ನೀರು ಕುಡೀತೀನಿ” ಎಂದಳು ನಮ್ಮಕ್ಕ. ನಾನೂ ಕಣ್ಣಿಗೆ ಸೆರಗು ಒತ್ತಿಕೊಂಡೆ. ಆ ಪುಣ್ಯಾತ್ಮ ಅದೇ ಮಧ್ಯಾಹ್ನ ಕಚೇರಿಗೆ ಸಹಿ ಹಾಕಲು ಬಂದಾಗ, ಮೊನ್ನೆ ನಮ್ಮಕ್ಕನ ಬೀದಿಗೆ ನೀರು ಹದಿನೆಂಟು ನಿಮಿಷ ತಡವಾದದ್ದಕ್ಕೆ, ಅವನೇ ಇವನೆಂದು ತಿಳಿಯದೆ, ಹಿಗ್ಗಾಮುಗ್ಗಾ ಬೈದೆ.

“ಬರೀಲೇಬೇಕಾ ಅಕ್ಕಾ? ಹದಿನೆಂಟು ನಿಮಿಷಕ್ಕೆ ಯಾರ ಗಂಟೇನು ಹೋಯ್ತು?” ಎಂದ.

“ನೀನು ತಡ ಮಾಡೋದು ನಿನ್ನ ಕೆಲಸ, ಬರೆಯೋದು ನನ್ನ ಕೆಲಸ” ಎಂದೆ.

ಅವನು ನಕ್ಕ. ಹಲ್ಲು ಕಾಣದ ಹಾಗೆ ನಗುತ್ತಿದ್ದ.

ಪೊಲೀಸರು ಆ ಚಾನೆಲ್ಲಿನ ಹಿಂದೆ ಬಿದ್ದರು. ಆ ಆ್ಯಪಿನ ಕಂಪನಿಗೆ ಕಾಗದ ಬರೆದರಂತೆ, ಉತ್ತರ ಬರಲಿಲ್ಲ. ಫೋನು ರಿಪೇರಿ ಅಂಗಡಿಯವರನ್ನೆಲ್ಲ ಸಾಲಾಗಿ ಕೂರಿಸಿದರು. ಆ ಹೊತ್ತಿನಲ್ಲಿ ಬೀದಿಯಲ್ಲಿರುವವರು ಯಾರು ಎಂದು ಯೋಚಿಸಿ ಹಾಲಿನವನನ್ನು, ಪತ್ರಿಕೆ ಹಾಕುವವನನ್ನು ಕರೆದೊಯ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪತ್ರಿಕೆಯವನು ಮೂರು ದಿನದ ಮೇಲೆ ಬಂದಾಗ ಅವನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ನಮ್ಮ ‘ಐದು ನಿಮಿಷ’ನನ್ನೂ ಒಂದು ದಿನ ಕರೆದು ಫೋನು ನೋಡಿದರು. ಅದರಲ್ಲಿ ಹಳೇ ಹಾಡುಗಳು, ಶಾಲೆಗೆ ಹೋಗುವ ಮಗಳ ಫೋಟೋ, ಹೆಂಡತಿ ಹೊಲಿದುಕೊಟ್ಟ ಬಟ್ಟೆಗಳ ಅಳತೆ. ಹತ್ತು ನಿಮಿಷದಲ್ಲಿ ಬಿಟ್ಟು ಕಳಿಸಿದರು.

“ಏನ್ ಕೇಳಿದ್ರೋ?” ಎಂದೆ.

“ನಮ್ಮನೆಗೆ ನೀರು ಯಾಕೆ ಸಣ್ಣಕ್ಕೆ ಬರುತ್ತೆ ಅಂತ ಇನ್ಸ್‌ಪೆಕ್ಟರ್ ಕೇಳಿದ್ರು ಅಕ್ಕಾ” ಎಂದ.

ಅವನು ಮಾಡಿಕೊಂಡಿದ್ದ ಭದ್ರತೆ ನನಗೆ ತಿಳಿದದ್ದು ಬಹಳ ತಡವಾಗಿ. ಹತ್ತನೇ ತರಗತಿ ಓದಿದವನು, ಯಾರನ್ನೂ ಕೇಳದೆ ತಾನೇ ಓದಿ ಕಲಿತಿದ್ದ. ಬೇರೆ ಊರಿನ ಸಂತೆಯಲ್ಲಿ ಹೆಸರು ಹೇಳದೆ ಕೊಂಡ ಹಳೇ ಫೋನು, ಅದಕ್ಕೆ ಸಿಮ್ಮೇ ಇಲ್ಲ. ಅದನ್ನು ಮನೆಗೆ ಒಂದು ದಿನವೂ ಒಯ್ದಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬೇಕರಿ ಓಣಿಯ ನಾಲ್ಕನೇ ವಾಲ್ವಿನ ಗುಂಡಿಯಲ್ಲಿ, ಮುಚ್ಚಳದ ಕೆಳಗೆ ಇಡುತ್ತಿದ್ದ. ಬೇಕರಿಯವನ ವೈಫೈ ಬಳಸುತ್ತಿದ್ದ, ಪಾಸ್‌ವರ್ಡು ಗೋಡೆಯ ಮೇಲೇ ಬರೆದಿತ್ತು. ಆದರೆ ಬೇಕರಿಯವನ ತಲೆಗೆ ಬರಬಾರದೆಂದು, ಬರೆದದ್ದು ಎಲ್ಲೆಲ್ಲೋ ಸುತ್ತಿ ಬೇರೆ ದೇಶದಿಂದ ಹೊರಟಂತೆ ಕಾಣಿಸುವ ಆ್ಯಪೊಂದನ್ನು ಹಾಕಿಕೊಂಡಿದ್ದ. ಫೋಟೋ ಎಂದೂ ತೆಗೆಯಲಿಲ್ಲ. ಹೆಂಡತಿಗೆ ಹೇಳಲಿಲ್ಲ. ಗೋಡೆಗೂ ಕಿವಿಯಿದೆ ಎಂಬುದನ್ನು ಅವನಷ್ಟು ತಿಳಿದವರು ಇಲ್ಲ, ಅವನ ಕಸುಬೇ ಕಿವಿಯದು. ಊರಿನ ಫೋನುಗಳೆಲ್ಲ ಬಾಯಿಬಿಟ್ಟವು, ಅವನದು ಬಿಡಲಿಲ್ಲ. ಬಾಯಿಬಿಟ್ಟದ್ದು ನನ್ನ ಪುಸ್ತಕ.

ಆ ಮಂಗಳವಾರ ಹನ್ನೊಂದು ಗಂಟೆಗೆ ಒಬ್ಬ ಇನ್ಸ್‌ಪೆಕ್ಟರು ಕಚೇರಿಗೆ ಬಂದ. ಸಮವಸ್ತ್ರವಿಲ್ಲ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ತೆಳ್ಳಗಿನ ಫೈಲು, ನನ್ನ ಮಗನ ವಯಸ್ಸು. ನಮ್ಮ ಸಾಹೇಬರು ಎದ್ದು ನಿಂತು ಕುರ್ಚಿ ಕೊಟ್ಟರೂ ಕೂರದೆ ನೇರ ನನ್ನ ಮೇಜಿಗೆ ಬಂದ. ಬೀದಿಯ ಗುಂಡಿಗಳ ಕಬ್ಬಿಣದ ಮುಚ್ಚಳಗಳು ಕಳುವಾಗುತ್ತಿವೆ, ಅದರ ತನಿಖೆ ಎಂದ. ಕಳುವಾಗುತ್ತಿದ್ದದ್ದು ನಿಜ. ಹಳೇ ದೂರಿನ ಪುಸ್ತಕಗಳು ಇವೆಯೇ ಎಂದು ಕೇಳಿದ.

ಇವೆಯೇ! ಕಪಾಟು ತೆರೆದು ಎರಡು ವರ್ಷದ್ದನ್ನು ತಂದು ಇಟ್ಟೆ, ಧೂಳು ಒರೆಸಿ. ಅವನು ಒಂದೊಂದೇ ಹಾಳೆ ತಿರುಗಿಸಿದ.

“ಎಂಥಾ ಅಕ್ಷರ ಮೇಡಂ ನಿಮ್ದು! ಅಚ್ಚು ಹಾಕಿದ ಹಾಗಿದೆ. ನಮ್ಮ ಠಾಣೇಲಿ ನಿಮ್ಮಂಥೋರು ಒಬ್ರು ಇದ್ದಿದ್ರೆ ಅರ್ಧ ಕೇಸು ಗೆಲ್ತಿದ್ವಿ” ಎಂದ.

ಹತ್ತೊಂಬತ್ತು ವರ್ಷದಲ್ಲಿ ನನ್ನ ಅಕ್ಷರವನ್ನು ಹೊಗಳಿದ ಮೊದಲ ಮನುಷ್ಯ. ನಾನು ಉಬ್ಬಿಹೋದೆ. ನಾಚಿಕೆಯಾಗುತ್ತದೆ ಬರೆಯುವುದಕ್ಕೆ, ಆದರೂ ಬರೆಯುತ್ತೇನೆ: ಅವನಿಗೆ ಚಹಾ ತರಿಸಿದೆ, ನನ್ನ ಕಪ್ಪಿನಲ್ಲಿ.

ಅವನು ಹದಿನಾಲ್ಕು ತಾರೀಖು ಬರೆದ ಚೀಟಿ ಕೊಟ್ಟು, ಆ ದಿನಗಳಲ್ಲಿ ಐದೂವರೆಗೆ ಮುಂಚೆ ನೀರು ತಡವಾದ ದೂರುಗಳಷ್ಟನ್ನೇ ಪಟ್ಟಿ ಮಾಡಿಕೊಡಿ ಎಂದ. ಅವನ ಪೇದೆಯೂ ಮಾಡಬಹುದಿತ್ತು. “ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ” ಎಂದ. ಸ್ಕೇಲು ಇಟ್ಟು ಗೀಟು ಎಳೆದೆ. ತಾರೀಖು ನೀಲಿಯಲ್ಲಿ, ಬೀದಿ ಕೆಂಪಿನಲ್ಲಿ.

ಪಟ್ಟಿಯ ಆರನೇ ತಾರೀಖಿಗೆ ನನ್ನ ಪೆನ್ನು ನಿಂತಿತು. ಅದು ನಮ್ಮಕ್ಕನ ಮಗನನ್ನು ಎತ್ತಿಕೊಂಡು ಹೋದ ದಿನ. ಅದನ್ನು ನಾನು ಮರೆಯುವುದುಂಟೇ? ಮೇಲಿನ ಐದನ್ನು ಮತ್ತೆ ನೋಡಿದೆ. ಅಂಚೆ ಕಚೇರಿ ಹಿಂದಿನ ಬೀದಿ, ಬೇಕರಿ ಓಣಿ, ಮತ್ತೆ ಅಂಚೆ ಕಚೇರಿ. ಎಲ್ಲವೂ ಒಬ್ಬನ ಪಾಲಿನ ವಾಲ್ವುಗಳು, ಎಲ್ಲ ದಿನಗಳೂ ‘ಬೆಳಗಿನ ಜಾವ’ದಲ್ಲಿ ನಾನೇ ಓದಿದ ದಿನಗಳು. ವ್ಯಾನು ಬಂದ ದಿನವೆಲ್ಲ ಆ ಬೀದಿಗೆ ನೀರು ತಡ. ಯಾಕೆ ತಡ? ನೀರು ಬಿಡುವವನು ಬೇರೇನೋ ಮಾಡುತ್ತಿದ್ದ, ಅದಕ್ಕೆ. ಇಷ್ಟು ತಿಳಿಯಲು ಇನ್ಸ್‌ಪೆಕ್ಟರು ಬೇಕಿರಲಿಲ್ಲ, ನನ್ನಂಥ ದಡ್ಡಿ ಸಾಕಾಗಿತ್ತು.

ಮುಚ್ಚಳದ ಮಾತು ಬರೀ ಮುಚ್ಚಳವೇ ಎಂಬುದೂ ಆಗಲೇ ತಿಳಿಯಿತು.

“ಯಾಕೆ ಮೇಡಂ, ಇಂಕು ಮುಗೀತಾ?” ಎಂದ ಅವನು. ನಗುತ್ತಲೇ ಇದ್ದ. ಕಣ್ಣು ಮಾತ್ರ ನನ್ನ ಬೆರಳ ಮೇಲಿತ್ತು.

ಈಗ ಯೋಚಿಸಿದರೆ ಎಷ್ಟೊಂದು ದಾರಿಯಿತ್ತು. ಚಹಾ ಚೆಲ್ಲಬಹುದಿತ್ತು. ತಲೆಸುತ್ತು ಎನ್ನಬಹುದಿತ್ತು. ಉಳಿದ ಪುಸ್ತಕ ಇಲಿ ತಿಂದಿದೆ ಎಂದರೂ ಸಾಹೇಬರು ಹೌದು ಎನ್ನುತ್ತಿದ್ದರು. ನಾನು ಮಾಡಿದ್ದೇನು? ಏನೂ ಇಲ್ಲವೆಂಬಂತೆ ತಲೆಯಾಡಿಸಿ ಏಳನೇ ತಾರೀಖು ಬರೆದೆ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ಕೆಟ್ಟದ್ದೊಂದಿತ್ತು: ಅರ್ಧಕ್ಕೆ ನಿಂತ ಪಟ್ಟಿಯನ್ನು ನಾನು ಜೀವಮಾನದಲ್ಲಿ ಬಿಟ್ಟವಳಲ್ಲ. ಹದಿನಾಲ್ಕರಲ್ಲಿ ಹನ್ನೊಂದು ತಾರೀಖಿಗೆ ದೂರು ಸಿಕ್ಕಿತು, ಮೂರಕ್ಕೆ ಸಿಗಲಿಲ್ಲ. ಆ ಮೂರರ ಮುಂದೆಯೂ ಖಾಲಿ ಬಿಡಬಾರದೆಂದು ಚಿಕ್ಕ ಅಡ್ಡಗೀಟು ಹಾಕಿದೆ. ಕೆಳಗೆ ಸಹಿ ಬೇಕೆಂದ, ಅದನ್ನೂ ಹಾಕಿದೆ.

ಮರುದಿನ ಬುಧವಾರ. ಮಧ್ಯಾಹ್ನ ಅವನು ಎಂದಿನಂತೆ ಸಲಾಕೆಯನ್ನು ಬಾಗಿಲಿಗೆ ಒರಗಿಸಿ ಸಹಿ ಹಾಕಲು ಬಂದ. ಪ್ಯಾಂಟಿನ ಮೊಣಕಾಲು ಒದ್ದೆಯಾಗಿತ್ತು. ಕೋಣೆಯಲ್ಲಿ ಸಾಹೇಬರಿದ್ದರು, ಇನ್ನಿಬ್ಬರು ಗುಮಾಸ್ತರಿದ್ದರು. ಹೊರಗೆ ಕರೆದು ಹೇಳಬಹುದಿತ್ತು. ಆದರೆ ಹೇಳುವುದೇನು? ‘ನಿನ್ನನ್ನು ಹಿಡಿದುಕೊಟ್ಟೆ, ಎರಡು ಬಣ್ಣದಲ್ಲಿ’ ಎಂದೇ?

“ನಾಳೆ ರಜೆ ಹಾಕೋ” ಎಂದೆ, ತಲೆಯೆತ್ತದೆ.

“ಯಾಕಕ್ಕಾ?”

“ಸುಮ್ನೆ. ಒಂದು ವಾರ ಹಾಕು. ಹೆಂಡ್ತಿ ಮಕ್ಕಳ್ನ ಕರ್ಕೊಂಡು ಎಲ್ಲಾದ್ರೂ ಹೋಗಿ ಬಾ. ನಿನ್ನ ಮುಖ ನೋಡು, ಬಾಡಿಹೋಗಿದೆ.”

“ನಾನು ರಜೆ ಹಾಕಿದ್ರೆ ನೀರು ತಡ ಆಗುತ್ತೆ, ನೀವು ಬರ್ಕೋತೀರಿ” ಎಂದು ನಕ್ಕು, ಸಲಾಕೆ ತೆಗೆದುಕೊಂಡು ಹೋದ. ಅವನ ಹಿಂದೆ ಓಡಲು ಎದ್ದೆ. ಅಷ್ಟರಲ್ಲಿ ಫೋನು ರಿಂಗಾಯಿತು, ಕೂತು ಎತ್ತಿಕೊಂಡೆ. ಯಾರದೋ ಮನೆಯ ನೀರಿನಲ್ಲಿ ಕೆಸರು.

ಗುರುವಾರ ಪೊಲೀಸರು ಬೇಕರಿ ಓಣಿಗೆ ತಮ್ಮದೇ ವ್ಯಾನು ಕಳಿಸಿದರು. ತಮ್ಮದೇ ಒಬ್ಬ ಪೇದೆಗೆ ಹರಕು ಅಂಗಿ ತೊಡಿಸಿ, ಎಳೆದಾಡಿ, ಅಮ್ಮಾ ಎಂದು ಕೂಗಿಸಿ ಹತ್ತಿಸಿದರು. ಎರಡು ಮನೆಯ ಮಹಡಿಯ ಮೇಲೆ ಕೂತು ಕಾದರು, ವ್ಯಾನು ಹೋದ ಮೇಲೆ ನೀರು ಬಿಡುವವನು ಏನು ಮಾಡುತ್ತಾನೆ ಎಂದು. ಅವನು ಎಚ್ಚರದ ಮನುಷ್ಯ. ಆದರೆ ಒಬ್ಬ ಅಮ್ಮಾ ಎಂದು ಕೂಗುವುದನ್ನು ಕೇಳಿ ಸುಮ್ಮನಿರುವ ಎಚ್ಚರ ಅವನಿಗೆ ಗೊತ್ತಿರಲಿಲ್ಲ. ಮುಚ್ಚಳ ಎತ್ತಿ ಗುಂಡಿಯಿಂದ ಫೋನು ತೆಗೆದ.

ನನಗೆ ತಿಳಿದದ್ದು ಫೋನಿನಿಂದ. ಐದೂ ಐದಕ್ಕೆ ಮೊದಲ ದೂರು, ಬೇಕರಿ ಓಣಿಯಲ್ಲಿ ನೀರಿಲ್ಲ. ಐದೂ ಹತ್ತಕ್ಕೆ ಎರಡು. ಐದೂವರೆಯಾಗುವಷ್ಟರಲ್ಲಿ ಒಂಬತ್ತು ವಾಲ್ವಿನ ಪೈಕಿ ಐದರದ್ದು. ‘ಬೆಳಗಿನ ಜಾವ’ ತೆರೆದೆ. “ಬೇಕರಿ ಓಣಿ. 4.48. ಬಿಳಿ ವ್ಯಾನ್. ಒಬ್ಬ, ಕೂಗ್ತಿದ್ದ.” ಅಲ್ಲಿಗೆ ನಿಂತಿತ್ತು. ಯಾವ ಕಡೆ ಎಂಬುದಿರಲಿಲ್ಲ. ಮತ್ತೆ ಮತ್ತೆ ತೆರೆದೆ, ಈಗ ಬರುತ್ತದೆ, ಇನ್ನೊಂದು ಸಾಲು ಬರುತ್ತದೆ ಎಂದು. ಬರೆಯುವವನನ್ನೇ ಹೊತ್ತೊಯ್ದ ಮೇಲೆ ಬರೆಯುವವರು ಯಾರು?

ಆವತ್ತು ನಾನು ಪುಸ್ತಕ ತೆರೆಯಲಿಲ್ಲ. ಕಚೇರಿಯ ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತದೆ ಎಂದು ಗೊತ್ತಿದ್ದೂ ಕರೆ ಮಾಡಿದವರಿಗೆಲ್ಲ ಹೇಳಿದೆ: “ನಿಮಗೆ ನೀರು ಬಿಡೋನನ್ನ ಪೊಲೀಸರು ಕರ್ಕೊಂಡು ಹೋಗಿದ್ದಾರೆ. ‘ಬೆಳಗಿನ ಜಾವ’ ಬರೀತಿದ್ದೋನು ಅವನೇ. ಯಾವ ಠಾಣೆ ಅಂತ ಗೊತ್ತಿಲ್ಲ, ವ್ಯಾನ್ ಯಾವ ಕಡೆ ಹೋಯ್ತು ಅಂತ ಯಾರಾದ್ರೂ ನೋಡಿದ್ದೀರಾ?” ಅಷ್ಟು ತಡವಾಗಿ ಬಂದ ಧೈರ್ಯಕ್ಕೆ ಬೆಲೆಯೇನು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನಲವತ್ತೊಂದು ಕರೆ ಬಂದವು. ಮೊದಲನೆಯವರು, “ಅಯ್ಯೋ ಪಾಪ” ಎಂದರು, ಆಮೇಲೆ, “ಹಾಗಾದ್ರೆ ನೀರು ಎಷ್ಟೊತ್ತಿಗೆ?” ಎಂದರು. ಕೆಲವರು ಅಯ್ಯೋ ಪಾಪವನ್ನೂ ಬಿಟ್ಟು ನೇರ ನೀರಿಗೇ ಬಂದರು. ಇಪ್ಪತ್ತೆಂಟನೆಯ ಕರೆ ನಮ್ಮಕ್ಕನದು.

“ಏನೇ ಇದು, ಒಂದು ತೊಟ್ಟು ನೀರಿಲ್ಲ, ಬಟ್ಟೆ ಎಲ್ಲ ನೆನೆಸಿಟ್ಟಿದ್ದೀನಿ” ಎಂದಳು. ನಾನು ಎಲ್ಲವನ್ನೂ ಹೇಳಿದೆ. ನಿನ್ನ ಮಗನನ್ನು ಉಳಿಸಿದವನು ಅವನೇ ಎಂದೂ ಹೇಳಿದೆ.

“ಅವನ ಫೋನಲ್ಲಿ ನಮ್ಮ ಹುಡುಗನ ಹೆಸರೇನೂ ಇಲ್ಲ ತಾನೇ?” ಎಂದಳು.

“ಇಲ್ಲ.”

“ಸದ್ಯ. ನೀನೂ ಈ ಫೋನಲ್ಲಿ ನಮ್ಮ ಮಾತು ಎತ್ತಬೇಡ ಮಾರಾಯ್ತಿ” ಎಂದು ಇಟ್ಟಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಮ್ಮಕ್ಕನನ್ನು ಬೈಯ್ಯಲು ನನಗೆ ಬಾಯಿ ಬರಲಿಲ್ಲ. ಅವಳಾದರೂ ಬರೀ ಮರೆತಳು.

ಹತ್ತು ಗಂಟೆಗೆ ಅವನ ಹೆಂಡತಿ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮೂರು ಠಾಣೆ ತಿರುಗಿ ಬಂದಿದ್ದಳು, ಮೂರೂ ಕಡೆ ಇಲ್ಲವೆಂದಿದ್ದರು. ಅಳುತ್ತಿರಲಿಲ್ಲ.

“ಅಕ್ಕಾ, ನೀವು ಎಲ್ಲಾ ಬರೆದಿಡ್ತೀರಿ ಅಂತ ಅವರು ಯಾವಾಗ್ಲೂ ಹೇಳ್ತಿದ್ರು. ಇವತ್ತು ಬೆಳಗ್ಗೆ ಯಾರಾದ್ರೂ ಫೋನು ಮಾಡಿ ಹೇಳಿದ್ರಾ, ಯಾವ ಕಡೆ ಹೋಯ್ತು ಅಂತ? ಪುಸ್ತಕದಲ್ಲಿ ನೋಡಿ” ಎಂದಳು.

ಪುಸ್ತಕ ಮುಚ್ಚಿಯೇ ಇತ್ತು. ತೆರೆದು ಖಾಲಿ ಹಾಳೆ ತೋರಿಸಿದೆ. ಅವಳು ಅದನ್ನೇ ನೋಡುತ್ತಾ ನಿಂತಳು.

ಹೆಸರು ಪುಸ್ತಕಕ್ಕೆ ಏರಿದ್ದು ಒಂಬತ್ತನೇ ದಿನ. ಅವನು ಹೊರಗೆ ಬಂದದ್ದು ನಲವತ್ತಮೂರನೇ ದಿನ. ಸುಳ್ಳು ಸುದ್ದಿ ಹಬ್ಬಿಸಿದ ಕೇಸು ಇನ್ನೂ ನಡೆಯುತ್ತಿದೆ, ಕೆಲಸ ಹೋಯಿತು. ಸೈಕಲ್ಲು ಮನೆಯಲ್ಲಿದೆ. ಅಪ್ಪನ ಕೀಲಿಯನ್ನು ಸಾಕ್ಷಿ ಎಂದು ಪೊಲೀಸರು ಇಟ್ಟುಕೊಂಡಿದ್ದಾರೆ. ಬಲಗಿವಿ ಕೇಳಿಸುವುದಿಲ್ಲ. ಠಾಣೆಯಲ್ಲಿ ಅಂಗೈಯಿಂದ ಹೊಡೆದ ಏಟು, ಎಷ್ಟು ಎಂದು ಅವನು ಹೇಳಿಲ್ಲ. ಈಗ ಅವನ ಬೀದಿಗಳಿಗೆ ನೀರು ಬಿಡಲು ಬಂದಿರುವವನು ಗಡಿಯಾರದ ಹಾಗೆ, ಒಂದು ನಿಮಿಷ ಹಿಂದೆ ಮುಂದೆ ಇಲ್ಲ. ಅಲ್ಲಿಂದ ನನಗೆ ದೂರುಗಳೇ ಬರುವುದಿಲ್ಲ. ವ್ಯಾನು ಈಗಲೂ ಬರುತ್ತದೆ. ಫೋನಿನಲ್ಲಿ ಹಾಗೆಲ್ಲ ಮಾತಾಡಿದ್ದಕ್ಕೆ ನನಗೊಂದು ಮೆಮೊ ಕೊಟ್ಟರು. ಅದನ್ನೂ ಫೈಲಿಗೆ ಹಾಕಿದೆ.

ಅವನು ದೊಡ್ಡಾಸ್ಪತ್ರೆಯ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ನು ಹರಿದುಕೊಡುವ ಕೆಲಸಕ್ಕೆ ಸೇರಿದ್ದಾನೆ ಎಂದು ಕೇಳಿ ಎಂಟು ತಿಂಗಳು ಆ ರಸ್ತೆಯನ್ನೇ ತಪ್ಪಿಸಿ ಓಡಾಡಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಕೊನೆಗೊಂದು ಮಧ್ಯಾಹ್ನ, ಹೇಳಿಬಿಟ್ಟೇ ಬರಬೇಕೆಂದು ಹೋದೆ. ತಗಡಿನ ನೆರಳಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಕೂದಲು ನೆರೆತಿತ್ತು. ನನ್ನನ್ನು ಕಂಡು ಎದ್ದ, “ಬನ್ನಿ ಅಕ್ಕಾ” ಎಂದು ಸ್ಟೂಲು ನನಗೆ ಕೊಟ್ಟು ತಾನು ಕಟ್ಟೆಯ ಮೇಲೆ ಕೂತ. ನಾನು ಅವನ ಬಲಕ್ಕಿದ್ದೆ. ಅವನು ಮೆಲ್ಲಗೆ ಎದ್ದು ಬಂದು ಈ ಪಕ್ಕ ಕೂತ, ಎಡಗಿವಿ ನನ್ನ ಕಡೆ ಬರುವ ಹಾಗೆ.

“ಆ ಪಟ್ಟಿ...” ಎಂದೆ.

“ಗೊತ್ತು ಅಕ್ಕಾ. ಮೊದಲನೇ ದಿನವೇ ಮುಂದೆ ಇಟ್ಟು ತೋರಿಸಿದ್ರು. ಸಹಿ ನೋಡೋದೇ ಬೇಕಿರಲಿಲ್ಲ, ಅಷ್ಟು ದುಂಡಗೆ ಊರಲ್ಲಿ ಇನ್ಯಾರು ಬರೀತಾರೆ?”

“ಅರ್ಧಕ್ಕೆ ಗೊತ್ತಾಯ್ತು ಕಣೋ ನನಗೆ. ಗೊತ್ತಾದ ಮೇಲೂ ಬರೆದೆ.”

ಅವನು ತಲೆಯಾಡಿಸಿದ. ಒಬ್ಬ ಸೈಕಲ್ಲು ತಂದ, ಅವನಿಗೆ ಟೋಕನ್ನು ಹರಿದುಕೊಟ್ಟು ಮತ್ತೆ ಬಂದು ಕೂತ.

“ಮೊದ್ಲು ನೀರು ಬಿಟ್ಟು ಆಮೇಲೆ ಬರೀಬಹುದಿತ್ತಲ್ಲೋ. ಯಾಕೋ ತಡ ಮಾಡಿದೆ?” ಎಂದೆ. ಅದನ್ನು ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಬಾಯಿಗೆ ಬಂತು.

“ನೀರು ಬಿಟ್ಟ ತಕ್ಷಣ ಹೆಂಗಸರೆಲ್ಲ ಬೀದಿಗೆ ಬರ್ತಾರೆ ಅಕ್ಕಾ. ಆಮೇಲೆ ಅವರ ಕಣ್ಣು ತಪ್ಪಿಸಿ ಗುಂಡಿಯವರೆಗೆ ಹೋಗಿ ಫೋನು ತೆಗೆಯೋದು ಹೇಗೆ? ನೀರು ತಡವಾದ್ರೆ ಕೊಡ ಖಾಲಿ ಇರುತ್ತೆ, ಅಷ್ಟೇ ಅಲ್ವಾ ಅಂದ್ಕೊಂಡಿದ್ದೆ” ಎಂದ. ಆಮೇಲೆ ಬೆರಳಿನಲ್ಲಿ ಟೋಕನ್ನಿನ ಕಟ್ಟನ್ನು ತಿರುವುತ್ತಾ ಕೇಳಿದ, “ಒಂದು ಮಾತ್ರ ನನಗೆ ತಲೆಗೆ ಹತ್ತಿಲ್ಲ. ಹದಿನಾಲ್ಕು ದಿನವೂ ನಾನು ತಡ ಮಾಡಿದ್ದೆ. ನಿಮ್ಮ ಪಟ್ಟೀಲಿ ಹನ್ನೊಂದೇ ಇತ್ತು. ಮೂರಕ್ಕೆ ಬರೀ ಗೀಟು ಹಾಕಿದ್ರಿ. ಅದ್ಯಾಕೆ?”

ಆ ಮೂರು ತಾರೀಖು ನನಗೆ ಬಾಯಿಪಾಠವಾಗಿತ್ತು. ಎಂಟು ತಿಂಗಳಿಂದ ಅವನ್ನೇ ಜಪಿಸಿದ್ದೆ.

“ಆ ಮೂರು ದಿನ ನಾನು ರಜೆಯಲ್ಲಿದ್ದೆ. ನನ್ನ ಬದಲಿಗೆ ಕೂತವನು ಏನೂ ಬರೆದುಕೊಳ್ಳಲಿಲ್ಲ” ಎಂದೆ.

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಹಾಗಾದ್ರೆ ರಜೆ ಹಾಕ್ಬೇಕಾಗಿದ್ದು ನೀವು ಅಕ್ಕಾ” ಎಂದ.